ಲೆನ್ಸಿನ ಅಚ್ಚು ಮತ್ತು ಗಾಜಿಗೆ ಅತಿಸೂಕ್ಷ್ಮ ಪಾಲಿಷ್ ಮಾಡುವ ಕ್ರಮ

ಹೊಸೂರಿನ ಸಿಪ್ಕಾಟ್ ಕೈಗಾರಿಕಾ ವಸಾಹತಿನಲ್ಲಿ ಅಚ್ಚು ತಯಾರಿಸುವ ಟೂಲ್‌ರೂಮ್‌ಗಳಲ್ಲಿ ಪಾಲಿಷಿಂಗ್ ಮೇಜಿನ ಮುಂದೆ ಕುಳಿತು ದುಡಿಯುವವರಲ್ಲಿ ತಳಿ, ಡೆಂಕಣಿಕೋಟೆ, ಬಾಗಲೂರು ಕಡೆಯ ಕನ್ನಡದವರೂ ಇದ್ದಾರೆ. ವಾಹನದ ದೀಪದ ಲೆನ್ಸು, ಎಲ್‌ಇಡಿ ಲೆನ್ಸು, ಪ್ರತಿಫಲಕ ಮುಂತಾದವುಗಳ ಅಚ್ಚಿನ ಇನ್ಸರ್ಟುಗಳಿಗೆ (ಅಚ್ಚಿನೊಳಗೆ ಕೂಡಿಸುವ, ಲೆನ್ಸಿಗೆ ಆಕಾರ ಕೊಡುವ ಉಕ್ಕಿನ ತುಂಡುಗಳಿಗೆ) ಕನ್ನಡಿ ಹೊಳಪು ಕೊಡುವ ಈ ಕೆಲಸವನ್ನು ಹೆಚ್ಚಿನವರು ಹಿರಿಯರ ಕೈ ನೋಡಿ ಕಲಿಯುತ್ತಾರೆಯೇ ಹೊರತು, ಹೀಗೆ ಏಕೆ ಮಾಡಬೇಕೆಂಬುದನ್ನು ಅವರಿಗೆ ಕನ್ನಡದಲ್ಲಿ ಬಿಡಿಸಿ ಹೇಳುವವರು ಕಡಿಮೆ. ಈ ಬರಹ ಅವರಿಗಾಗಿ. ಜೊತೆಗೆ, ಗಾಜಿನ ಲೆನ್ಸನ್ನೋ ದೂರದರ್ಶಕದ ಕನ್ನಡಿಯನ್ನೋ ಸ್ವಂತ ಕೈಯಿಂದ ಉಜ್ಜಿ ಮಾಡಬಯಸುವವರಿಗಾಗಿ.

ಮೊದಲಿಗೇ ಮನದಟ್ಟು ಮಾಡಿಕೊಳ್ಳಬೇಕಾದದ್ದು ಒಂದಿದೆ. ಹೊಳಪು ಬೇರೆ, ಆಕಾರ ಬೇರೆ. ಹೊಳಪು ಬರಿಸುವುದು ಕಷ್ಟವಲ್ಲ; ಮೆತ್ತನೆಯ ಫೆಲ್ಟಿಗೆ ಡೈಮಂಡ್ ಪೇಸ್ಟ್ ಹಚ್ಚಿ ಉಜ್ಜುತ್ತಾ ಹೋದರೆ ಉಕ್ಕು ಹೊಳೆದೇ ಹೊಳೆಯುತ್ತದೆ. ಆದರೆ ಹಾಗೆ ಉಜ್ಜುವಾಗ ಅಂಚು ದುಂಡಾಗುತ್ತದೆ, ನಡುವೆ ಅಲೆ ಏಳುತ್ತದೆ, ಯಂತ್ರದಲ್ಲಿ ಕಷ್ಟಪಟ್ಟು ಕೊರೆದ ವಕ್ರತೆ ಕೆಡುತ್ತದೆ. ಹೀಗೆ ಕೆಟ್ಟ ಇನ್ಸರ್ಟು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಅದರಿಂದ ಬಂದ ಲೆನ್ಸು ಮಾತ್ರ ಬೆಳಕನ್ನು ಬೇಕಾದ ಕಡೆ ಕೂಡಿಸುವುದಿಲ್ಲ. ಆದ್ದರಿಂದ ಪ್ರತಿ ಹಂತದಲ್ಲಿಯೂ ಆಕಾರ ಉಳಿದಿದೆಯೇ ಎಂಬ ಪ್ರಶ್ನೆ ಮೊದಲು ಬರಬೇಕು, ಹೊಳಪಿನ ಪ್ರಶ್ನೆ ಆಮೇಲೆ.

ಎಷ್ಟು ನಯ ಬೇಕೆಂಬುದನ್ನು ಬೆಳಕೇ ನಿರ್ಧರಿಸುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 400ರಿಂದ 700 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು). ಪ್ರತಿಫಲಿಸುವ ಮೇಲ್ಮೈಯ ಒರಟುತನ 10 ನ್ಯಾನೋಮೀಟರ್ ಇದ್ದರೆ, 550 ನ್ಯಾನೋಮೀಟರಿನ ಹಸಿರು ಬೆಳಕಿನಲ್ಲಿ ಶೇಕಡಾ 5ರಷ್ಟು ಚದುರಿ ಹೋಗುತ್ತದೆ. ಒರಟುತನವನ್ನು 1 ನ್ಯಾನೋಮೀಟರಿಗೆ ಇಳಿಸಿದರೆ ಚದುರುವುದು ಶೇಕಡಾ 0.05 ಮಾತ್ರ. ಒರಟುತನ ಹತ್ತು ಪಟ್ಟು ಇಳಿದಾಗ ಚದುರುವಿಕೆ ನೂರು ಪಟ್ಟು ಇಳಿಯುತ್ತದೆ. ಬೆಳಕು ಹಾದುಹೋಗುವ ಲೆನ್ಸಿನಲ್ಲಿ ಇದೇ ಒರಟುತನದ ಕಾಟ ಬಹಳ ಕಡಿಮೆ. ಅಕ್ರಿಲಿಕ್ ಲೆನ್ಸಿನ ಒಂದು ಮೇಲ್ಮೈಯಲ್ಲಿ ಅದು ಪ್ರತಿಫಲಕದ ಹದಿನಾರನೆಯ ಒಂದು ಪಾಲಿನಷ್ಟಿರುತ್ತದೆ. ಆಕಾರದ ತಪ್ಪಿಗೂ ಇದೇ ನ್ಯಾಯ. ಕನ್ನಡಿಯಲ್ಲಿ ಮೇಲ್ಮೈಯ ತಪ್ಪು ಬೆಳಕಿನ ಅಲೆಯಲ್ಲಿ ಎರಡು ಪಟ್ಟಾಗಿ ಕಾಣಿಸಿಕೊಳ್ಳುತ್ತದೆ, ಲೆನ್ಸಿನಲ್ಲಿ ಸುಮಾರು ಅರ್ಧವಾಗುತ್ತದೆ. ಹಾಗಾಗಿ ಕೈಗೆ ಬಂದ ಇನ್ಸರ್ಟು ಪ್ರತಿಫಲಕದ್ದೋ ಲೆನ್ಸಿನದ್ದೋ ಎಂದು ಕೇಳಿಕೊಳ್ಳದೆ ಕೆಲಸ ಹಿಡಿಯಬಾರದು. ಅಚ್ಚಿನ ವಕ್ರತೆ ಲೆನ್ಸಿನ ವಕ್ರತೆಗೆ ಸಮನಾಗಿರುವುದಿಲ್ಲ ಎಂಬುದೂ ನೆನಪಿರಲಿ. ಪ್ಲಾಸ್ಟಿಕ್ ತಣಿದಾಗ ಕುಗ್ಗುವುದರಿಂದ ಆ ಕುಗ್ಗುವಿಕೆಯನ್ನು ಸೇರಿಸಿ ಬರೆದ ಅಚ್ಚಿನ ನಕ್ಷೆಯನ್ನೇ ಎದುರಿಟ್ಟುಕೊಳ್ಳಬೇಕು, ಲೆನ್ಸಿನ ನಕ್ಷೆಯನ್ನಲ್ಲ.

ಜಾಗ, ನೀರು, ಶಾಖ

ಕೃಷ್ಣಗಿರಿ ಜಿಲ್ಲೆ ಗ್ರಾನೈಟಿನ ನಾಡು. ಕ್ವಾರಿಗಳೂ ಕಲ್ಲು ಕೊಯ್ಯುವ ಕಾರ್ಖಾನೆಗಳೂ ಇರುವ ಕಡೆ ಗಾಳಿಯಲ್ಲಿ ಕ್ವಾರ್ಟ್ಜ್ ದೂಳು ಇದ್ದೇ ಇರುತ್ತದೆ. ಮೋಸ್ ಮಾಪಕದಲ್ಲಿ ಕ್ವಾರ್ಟ್ಜಿನ ಗಡಸುತನ 7, ಸಾಮಾನ್ಯ ಗಾಜಿನದ್ದು 5.5ರಿಂದ 6. ಅಂದರೆ ಚಪ್ಪಲಿಗಂಟಿ ಬಂದ ಒಂದೇ ಒಂದು ಕಣ ಗಾಜಿನ ಮೇಲೆ ಕೂತರೆ, ದಿನವಿಡೀ ಮಾಡಿದ ಪಾಲಿಷಿನ ಮೇಲೆ ಗೀರು ಬೀಳುವುದು ನಿಶ್ಚಿತ. ಕೊನೆಯ ಹಂತಗಳಿಗೆ ಬೇರೆ ಕೋಣೆ ಇರಬೇಕು. ಅದಾಗದಿದ್ದರೆ ಕನಿಷ್ಠ ಪಕ್ಷ ಬಾಗಿಲು ಕಿಟಕಿ ಮುಚ್ಚಿ, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಫ್ಯಾನು ನಿಲ್ಲಿಸಿ ಕುಳಿತುಕೊಳ್ಳಬೇಕು. ಗ್ರೈಂಡಿಂಗ್ ಯಂತ್ರದ ಪಕ್ಕದಲ್ಲಿ 1 ಮೈಕ್ರಾನಿನ (ಮಿಲಿಮೀಟರಿನ ಸಾವಿರದ ಒಂದು ಪಾಲಿನಷ್ಟು ಕಣದ) ಪೇಸ್ಟ್ ತೆರೆಯುವುದಕ್ಕಿಂತ ಆ ದಿನ ಕೆಲಸ ಮಾಡದಿರುವುದೇ ಲೇಸು.

ಬೋರ್‌ವೆಲ್ ನೀರು ಗಡಸಾಗಿರುವ ಕಡೆ, ಅದು ಆರಿದಾಗ ಉಳಿಯುವ ಬಿಳಿ ಕಲೆಯನ್ನು ಒರೆಸಲು ಹೋಗಿ ಗೀರು ಮಾಡಿಕೊಳ್ಳುವವರಿದ್ದಾರೆ. ಕೊನೆಯ ತೊಳೆತಕ್ಕೂ ಪಾಲಿಷಿನ ಪುಡಿ ಕಲಸುವುದಕ್ಕೂ ಡಿಸ್ಟಿಲ್ಡ್ ನೀರನ್ನೇ ಬಳಸಬೇಕು.

ಶಾಖದ ವಿಷಯ ಎಲ್ಲಕ್ಕಿಂತ ಮುಖ್ಯವಾದದ್ದು, ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದೂ ಅದೇ. 25 ಮಿಲಿಮೀಟರ್ ದಪ್ಪದ, ಬಿಕೆ7 ಎಂಬ ಜಾತಿಯ ಲೆನ್ಸಿನ ಗಾಜು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 175 ನ್ಯಾನೋಮೀಟರ್ ಹಿಗ್ಗುತ್ತದೆ. ಅಷ್ಟೇ ದಪ್ಪದ ಅಚ್ಚಿನ ಉಕ್ಕು ಸುಮಾರು 270 ನ್ಯಾನೋಮೀಟರ್ ಹಿಗ್ಗುತ್ತದೆ. ನಾವು ಕಾಪಾಡಬೇಕಾದ ಆಕಾರದ ಮಿತಿ ಇದಕ್ಕಿಂತ ಕಡಿಮೆ ಇರಬಹುದು. ಗಾಜಿನ ಮೇಲೆ ಒಂದು ಬೆರಳನ್ನು ಕೆಲವು ಕ್ಷಣ ಇಟ್ಟು ತೆಗೆದರೂ ಅಲ್ಲೊಂದು ಉಬ್ಬು ಎದ್ದು, ಪರೀಕ್ಷೆಯಲ್ಲಿ ಸ್ಪಷ್ಟವಾಗಿ ಕಂಡು, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಆದ್ದರಿಂದ ಉಜ್ಜಿದ ಕೂಡಲೇ ಅಳೆಯಬಾರದು. ಕೆಲಸದ ತುಂಡನ್ನೂ ಅಳೆಯುವ ಸಾಧನವನ್ನೂ ಒಂದೇ ಕೋಣೆಯಲ್ಲಿಟ್ಟು, ಎರಡೂ ಒಂದೇ ಶಾಖಕ್ಕೆ ಬರುವವರೆಗೆ, ಬೇಕಾದರೆ ಗಂಟೆಗಟ್ಟಲೆ ಕಾಯಬೇಕು.

ಉಕ್ಕಿನ ಇನ್ಸರ್ಟು

ಎಲ್ಲ ಉಕ್ಕೂ ಕನ್ನಡಿ ಹೊಳಪನ್ನು ಹಿಡಿಯುವುದಿಲ್ಲ. ಲೆನ್ಸಿನ ಅಚ್ಚಿಗೆ ಸಾಮಾನ್ಯವಾಗಿ 420 ಜಾತಿಯ ಸ್ಟೇನ್‌ಲೆಸ್ ಉಕ್ಕನ್ನು, ಅದರಲ್ಲಿಯೂ ಎಲೆಕ್ಟ್ರೋಸ್ಲ್ಯಾಗ್ ವಿಧಾನದಲ್ಲಿ ಮರುಕರಗಿಸಿ ಶುದ್ಧಗೊಳಿಸಿದ ಸ್ಟಾವ್ಯಾಕ್ಸ್‌ನಂಥ ಉಕ್ಕನ್ನು, ರಾಕ್‌ವೆಲ್ ಗಡಸುತನ ಮಾಪಕದ 50 ಎಚ್‌ಆರ್‌ಸಿಗಿಂತ ಮೇಲಕ್ಕೆ ಹದಗೊಳಿಸಿ ಬಳಸುತ್ತಾರೆ. ಮರುಕರಗಿಸುವುದರ ಉದ್ದೇಶ ಉಕ್ಕಿನೊಳಗಿನ ಅಲೋಹದ ಕಣಗಳನ್ನು ಕಡಿಮೆ ಮಾಡುವುದು, ಏಕೆಂದರೆ ಅಂಥ ಕಣ ಪಾಲಿಷಿನಲ್ಲಿ ಕಿತ್ತುಬಂದರೆ ಅಲ್ಲೊಂದು ಸೂಜಿಮೊನೆಯಷ್ಟು ಗುಳಿ ಉಳಿಯುತ್ತದೆ. ಮೆತ್ತಗಿನ ಉಕ್ಕಿನಲ್ಲಿ ಎಷ್ಟು ಎಚ್ಚರ ವಹಿಸಿದರೂ ಕೊನೆಯ ನಯ ಸಿಗುವುದು ಕಷ್ಟ.

ಇನ್ಸರ್ಟನ್ನು, ವಿದ್ಯುತ್ ಕಿಡಿಯಿಂದ ಲೋಹವನ್ನು ಸವೆಸುವ ಇಡಿಎಂ ಯಂತ್ರದಲ್ಲಿ ಕೊರೆದಿದ್ದರೆ ಮೇಲೊಂದು ಕರಗಿ ಹೆಪ್ಪುಗಟ್ಟಿದ ಗಡಸು ಪದರ ಇರುತ್ತದೆ. ಅದನ್ನು ಸ್ಟೋನಿನಿಂದ (ಸಾಣೆಕಲ್ಲಿನ ಕಡ್ಡಿಯಿಂದ) ಪೂರ್ತಿಯಾಗಿ ತೆಗೆದ ಹೊರತು ಪೇಸ್ಟಿಗೆ ಹೋಗಬಾರದು. ಅರೆಬರೆಯಾಗಿ ಉಳಿದ ಪದರ ಕೊನೆಯ ಹಂತದಲ್ಲಿ ಮಚ್ಚೆಮಚ್ಚೆಯಾಗಿ ಕಾಣಿಸಿಕೊಂಡಾಗ ಮೊದಲಿನಿಂದ ಶುರು ಮಾಡದೆ ಬೇರೆ ದಾರಿಯಿರುವುದಿಲ್ಲ.

ಕ್ರಮ ಹೀಗಿದೆ. ಯಂತ್ರದ ಗುರುತು ಎಷ್ಟು ಆಳವಿದೆಯೆಂಬುದನ್ನು ನೋಡಿ 400 ಅಥವಾ 600ರ ಸ್ಟೋನಿನಿಂದ (ಅಂಕೆ ಹೆಚ್ಚಿದಷ್ಟೂ ಕಣ ಸಣ್ಣದು) ಆರಂಭಿಸಿ, 800ಕ್ಕೆ ಬಂದು, ಅಲ್ಲಿಂದ 1000, 1200ರ ಉಜ್ಜುವ ಪೇಪರಿಗೆ ಇಳಿಯಬೇಕು. ಪೇಪರನ್ನು ಬೆರಳಿನಿಂದ ಒತ್ತಿ ಉಜ್ಜುವ ಅಭ್ಯಾಸವನ್ನು ಬಿಡಬೇಕು. ಬೆರಳು ಮೆತ್ತಗಿರುವುದರಿಂದ ಅದು ಉಬ್ಬನ್ನು ಕಡಿಯದೆ ತಗ್ಗನ್ನೂ ಉಬ್ಬನ್ನೂ ಒಂದೇ ಸಮನೆ ಸವರುತ್ತಾ ಹೋಗುತ್ತದೆ. ಮೇಲ್ಮೈಯ ವಕ್ರತೆಗೆ ಹೊಂದುವಂತೆ ಮರದ ಅಥವಾ ಹಿತ್ತಾಳೆಯ ಹಿಡಿಕೆಯನ್ನು ಕಡೆಸಿಕೊಂಡು, ಪೇಪರನ್ನು ಅದಕ್ಕೆ ಸುತ್ತಿ ಉಜ್ಜಬೇಕು. ಪ್ರತಿ ಹಂತದಲ್ಲಿಯೂ ಉಜ್ಜುವ ದಿಕ್ಕನ್ನು ಹಿಂದಿನ ದಿಕ್ಕಿಗೆ 45ರಿಂದ 90 ಡಿಗ್ರಿ ತಿರುಗಿಸಬೇಕು. ಆಗ ಹಿಂದಿನ ಹಂತದ ಗೀರು ಉಳಿದಿದ್ದರೆ ಅಡ್ಡಲಾಗಿ ಕಾಣಿಸುತ್ತದೆ. ಒಂದೇ ದಿಕ್ಕಿನಲ್ಲಿ ಉಜ್ಜಿದರೆ ಹಳೆಯ ಗೀರು ಹೊಸ ಗೀರುಗಳೊಳಗೆ ಅವಿತುಕೊಂಡು, 3 ಮೈಕ್ರಾನಿಗೆ ಬಂದ ಮೇಲೆ ಹೊರಬೀಳುತ್ತದೆ. ಹಿಂದಿನ ಗೀರು ಕಣ್ಣಿಗೆ ಮಾಯವಾದ ಕೂಡಲೇ ನಿಲ್ಲಿಸಬಾರದು. ಗೀರಿನ ಅಡಿಯಲ್ಲಿ ಜಜ್ಜಿದ ಪದರವೊಂದಿರುತ್ತದೆ. ಅದೂ ಹೋಗುವಂತೆ ಇನ್ನಷ್ಟು ಹೊತ್ತು ಅದೇ ಹಂತದಲ್ಲಿ ಉಜ್ಜಬೇಕು.

ಪೇಪರಿನ ಕೆಲಸ ಮುಗಿದ ಮೇಲೆ ಡೈಮಂಡ್ ಪೇಸ್ಟು. ಸಾಮಾನ್ಯವಾಗಿ 9, 6, 3, ಕೊನೆಗೆ 1 ಮೈಕ್ರಾನ್. ಎಸ್‌ಪಿಐ ಎಂಬ ಅಚ್ಚಿನ ಹೊಳಪಿನ ಮಾನದಂಡದ ಎ-3 ದರ್ಜೆಗೆ 15, ಎ-2ಕ್ಕೆ 6, ಎ-1ಕ್ಕೆ 3 ಮೈಕ್ರಾನಿನ ಡೈಮಂಡಿನಲ್ಲಿ ಕೆಲಸ ಮುಗಿಯುತ್ತದೆ. ಲೆನ್ಸಿಗೆ ಎ-1 ಸಾಕಾಗುವುದೂ ಉಂಟು, ಸಾಲದಿರುವುದೂ ಉಂಟು. ಪ್ರತಿ ಕಣಗಾತ್ರಕ್ಕೂ ಬೇರೆ ಮರದ ತುಂಡು, ಬೇರೆ ಬಟ್ಟೆ, ಬೇರೆ ಡಬ್ಬಿ ಇರಬೇಕು. ಅವುಗಳ ಮೇಲೆ ಅಂಕೆ ಬರೆದಿಡಬೇಕು. ಪೇಸ್ಟಿನ ಬಣ್ಣ ಒಂದೊಂದು ಕಂಪನಿಯಲ್ಲಿ ಒಂದೊಂದಾಗಿರುವುದರಿಂದ ಬಣ್ಣವನ್ನು ನಂಬಬಾರದು. ಹಂತ ಬದಲಾಯಿಸುವಾಗ ಇನ್ಸರ್ಟನ್ನೂ ಕೈಯನ್ನೂ ಉಗುರಿನ ಸಂದನ್ನೂ ಸೋಪಿನಿಂದ ತೊಳೆಯಬೇಕು, ಮೇಜಿನ ಮೇಲಿನ ಕಾಗದವನ್ನು ಬದಲಿಸಬೇಕು.

ಇಲ್ಲಿ ನನ್ನ ನಿಲುವನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ: ಆಕಾರ ಮುಖ್ಯವಾದ ಕಡೆ ಗಟ್ಟಿ ಉಪಕರಣವನ್ನು ಸಾಧ್ಯವಾದಷ್ಟು ಕೊನೆಯವರೆಗೂ ಬಿಡಬಾರದು. ತಾಮ್ರ, ಹಿತ್ತಾಳೆ, ಗಟ್ಟಿ ಮರ ಇವು ವಕ್ರತೆಯನ್ನು ಉಳಿಸುತ್ತವೆ. ಫೆಲ್ಟ್ ಮತ್ತು ಹತ್ತಿ ಬಟ್ಟೆ ಮೇಲ್ಮೈಯನ್ನು ಹಿಂಬಾಲಿಸಿ ಹೋಗುವುದರಿಂದ ಅಂಚನ್ನು ಇಳಿಸುತ್ತವೆ. ಸೂಕ್ಷ್ಮ ಪೇಸ್ಟಿನೊಡನೆ ಮೆತ್ತನೆಯ ಉಪಕರಣವನ್ನು ಹೆಚ್ಚು ಹೊತ್ತು ಬಳಸಿದಾಗಲೇ ಸೂಜಿಗುಳಿಗಳೂ ಹೆಚ್ಚುತ್ತವೆ. ಒತ್ತಡವನ್ನು ಹಂತಹಂತವಾಗಿ ಇಳಿಸುತ್ತಾ ಬಂದು, 1 ಮೈಕ್ರಾನಿನಲ್ಲಿ ಉಪಕರಣದ ತೂಕವೇ ಸಾಕೆನ್ನುವಷ್ಟು ಹಗುರಾಗಿ, ಆದಷ್ಟು ಕಡಿಮೆ ಹೊತ್ತಿನಲ್ಲಿ ಮುಗಿಸಬೇಕು.

ಹೆಚ್ಚು ಉಜ್ಜಿದಷ್ಟೂ ಹೊಳಪು ಹೆಚ್ಚುತ್ತದೆಂಬ ನಂಬಿಕೆಯೇ ಕಿತ್ತಳೆ ಸಿಪ್ಪೆಯೆಂದು ಟೂಲ್‌ರೂಮಿನವರು ಕರೆಯುವ ದೋಷಕ್ಕೆ ಕಾರಣ. ಬಲವಾಗಿ ಒತ್ತಿ ಬಹಳ ಹೊತ್ತು ಉಜ್ಜಿದಾಗ ಮೇಲ್ಮೈ ಉಬ್ಬುತಗ್ಗಾಗುತ್ತದೆ; ಅದನ್ನು ಹೋಗಲಾಡಿಸಲು ಇನ್ನೂ ಉಜ್ಜಿದರೆ ಇನ್ನೂ ಹದಗೆಡುತ್ತದೆ. ಆ ಗುರುತು ಕಂಡೊಡನೆ ಕೈ ನಿಲ್ಲಿಸಬೇಕು. ಕೊನೆಯ ಪೇಪರಿನ ಹಂತಕ್ಕೆ ಹಿಂದಿರುಗಿ ಕೆಟ್ಟ ಪದರವನ್ನು ತೆಗೆದು, ಮೊದಲಿಗಿಂತ ಕಡಿಮೆ ಒತ್ತಡದಲ್ಲಿ ಮತ್ತೆ ಮುಂದುವರಿಯಬೇಕು. ಅದಕ್ಕೂ ಜಗ್ಗದಿದ್ದರೆ, ಉಕ್ಕನ್ನು ಕೊನೆಯ ಬಾರಿ ಟೆಂಪರ್ ಮಾಡಿದ (ಗಡಸುಗೊಳಿಸಿದ ಮೇಲೆ ಮತ್ತೆ ಕಾಯಿಸಿ ಹದಗೊಳಿಸಿದ) ಶಾಖಕ್ಕಿಂತ ಸುಮಾರು 25 ಡಿಗ್ರಿ ಕಡಿಮೆ ಶಾಖದಲ್ಲಿ ಒತ್ತಡ ನಿವಾರಣೆ ಮಾಡಿಸಿ, ಆಮೇಲೆ ಮೊದಲಿನಿಂದ ಬರಬೇಕು. ಆ ಶಾಖದ ಅಂಕೆ ಹೀಟ್ ಟ್ರೀಟ್‌ಮೆಂಟ್ ಮಾಡಿದವರ ಚೀಟಿಯಲ್ಲಿರುತ್ತದೆ. ಅಂದಾಜಿನ ಮೇಲೆ ಮಾಡಿಸಿದರೆ ಗಡಸುತನವೇ ಹೋಗುತ್ತದೆ.

ನಿಕ್ಕಲ್ ಲೇಪ ಮತ್ತು ವಜ್ರದ ಮೊನೆ

ಗೋಳಾಕಾರವಲ್ಲದ ಲೆನ್ಸುಗಳ ಅಚ್ಚಿಗೆ ಕೈ ಪಾಲಿಷ್ ಒಗ್ಗುವುದಿಲ್ಲ. ನಡುವಿನಿಂದ ಅಂಚಿಗೆ ವಕ್ರತೆ ಬದಲಾಗುತ್ತಾ ಹೋಗುವುದರಿಂದ ಯಾವ ಗಟ್ಟಿ ಉಪಕರಣವೂ ಎಲ್ಲ ಕಡೆ ಹೊಂದಿ ಕೂರುವುದಿಲ್ಲ. ಅಲ್ಲಿ ಏಕಮೊನೆಯ ವಜ್ರದ ಟರ್ನಿಂಗ್, ಅಂದರೆ ತಿರುಗುವ ಇನ್ಸರ್ಟನ್ನು ಒಂದೇ ವಜ್ರದ ಮೊನೆಯಿಂದ ಕೊರೆಯುವ ವಿಧಾನ ಬೇಕು. ಆದರೆ ಬಿಸಿಯಾದ ಮೊನೆಯಲ್ಲಿ ವಜ್ರದ ಇಂಗಾಲವನ್ನು ಕಬ್ಬಿಣ ಸೆಳೆದುಕೊಳ್ಳುವುದರಿಂದ ಉಕ್ಕನ್ನು ವಜ್ರದಿಂದ ಕೊರೆದರೆ ಮೊನೆ ಬೇಗನೆ ಸವೆಯುತ್ತದೆ. ಅದಕ್ಕಾಗಿ ಉಕ್ಕಿನ ಇನ್ಸರ್ಟಿನ ಮೇಲೆ ರಂಜಕದ ಅಂಶ ಹೆಚ್ಚಿರುವ ಎಲೆಕ್ಟ್ರೋಲೆಸ್ ನಿಕ್ಕಲನ್ನು (ವಿದ್ಯುತ್ ಹರಿಸದೆ ರಾಸಾಯನಿಕವಾಗಿ) ಲೇಪಿಸಿ, ಆ ಲೇಪವನ್ನು ಕೊರೆಯುತ್ತಾರೆ. ಈ ಲೇಪದಲ್ಲಿ ಹರಳಿನ ಗಡಿಗಳಿಲ್ಲದ್ದರಿಂದ ಮೇಲ್ಮೈ ಯಂತ್ರದಿಂದಲೇ ಕೆಲವೇ ನ್ಯಾನೋಮೀಟರಿನ ಒರಟುತನದಲ್ಲಿ ಹೊರಬರುತ್ತದೆ.

ಹಾಗೆ ಬಂದದ್ದನ್ನು ಇನ್ನಷ್ಟು ಹೊಳೆಯಿಸುವ ಆಸೆಯಿಂದ ಮುಟ್ಟಬಾರದು. ಮೊನೆಯ ಸಾಲುಗಳಿಂದ ಕಾಮನಬಿಲ್ಲಿನ ಬಣ್ಣ ಕಾಣಿಸುತ್ತಿದ್ದು, ಅದು ಕೆಲಸಕ್ಕೆ ಅಡ್ಡಿಯೆಂದಾದರೆ ಮಾತ್ರ, ಲೇಪದ ದಪ್ಪ ಎಷ್ಟು ಉಳಿದಿದೆಯೆಂದು ತಿಳಿದುಕೊಂಡು, ಅತಿ ಸೂಕ್ಷ್ಮವಾದ ಪುಡಿಯಲ್ಲಿ ಬಹಳ ಸ್ವಲ್ಪ ಹೊತ್ತು ಸವರಬೇಕು.

ಗಾಜು ಮತ್ತು ಪಿಚ್

ಗಾಜಿನ ಪಾಲಿಷಿಗೆ, ಡಾಂಬರನ್ನು ಹೋಲುವ ಅಂಟು ವಸ್ತುವಾದ ಪಿಚ್‌ಗಿಂತ ಉತ್ತಮವಾದ ಉಪಕರಣ ಕೈಕೆಲಸದಲ್ಲಿ ಇಂದಿಗೂ ಇಲ್ಲ. ನ್ಯೂಟನ್ ತನ್ನ ಲೋಹದ ಕನ್ನಡಿಗೂ ಪಿಚ್ಚನ್ನೇ ಬಳಸಿದ್ದನು. ಕ್ಷಣಮಾತ್ರದ ಹೊಡೆತಕ್ಕೆ ಗಟ್ಟಿಯಾಗಿರುವ, ನಿಧಾನದ ಒತ್ತಡಕ್ಕೆ ಹರಿದು ಹೊಂದಿಕೊಳ್ಳುವ ಎರಡು ಗುಣಗಳು ಪಿಚ್ಚಿನಲ್ಲಿ ಒಟ್ಟಿಗಿವೆ. ಆದ್ದರಿಂದಲೇ ಅದು ಉಜ್ಜುವಾಗ ಗಟ್ಟಿ ಉಪಕರಣದಂತೆ ಉಬ್ಬನ್ನು ಕಡಿಯುತ್ತದೆ, ಸುಮ್ಮನೆ ಇಟ್ಟಾಗ ಗಾಜಿನ ವಕ್ರತೆಯನ್ನು ತಾಳುತ್ತದೆ.

ಪಾಲಿಷಿಗೆ ಮೊದಲು ಗಾಜನ್ನು ಕಾರ್ಬೊರಂಡಮ್ ಪುಡಿಯಲ್ಲಿ, 220, 400, 600ರ ಕ್ರಮದಲ್ಲಿ, ಬಳಿಕ 12 ಮತ್ತು 5 ಮೈಕ್ರಾನಿನ ಅಲ್ಯೂಮಿನಿಯಂ ಆಕ್ಸೈಡಿನಲ್ಲಿ ತೇಯಬೇಕು. ಅಂಚನ್ನು ಮೊದಲೇ ಎಣ್ಣೆಕಲ್ಲಿನಿಂದ ಓರೆಯಾಗಿ ಮುರಿದಿಟ್ಟುಕೊಳ್ಳದಿದ್ದರೆ ಅಲ್ಲಿಂದ ಚೂರು ಎದ್ದು ನಡುವೆ ಸಿಕ್ಕಿ ಗೀರುತ್ತದೆ. ತೇಯುವಾಗ ಗುಳಿಯ ಅಡಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಇಳಿದಿರುವುದರಿಂದ, ಪ್ರತಿ ಹಂತದಲ್ಲಿ ಹಿಂದಿನ ಕಣಗಾತ್ರದ ಸುಮಾರು ಮೂರು ಪಟ್ಟು ಆಳವನ್ನು ತೆಗೆಯುವುದು ಕಾರ್ಯಾಗಾರಗಳ ರೂಢಿ. ಇದನ್ನು ಮೈಕ್ರೋಮೀಟರಿನಲ್ಲಿ ದಪ್ಪ ಅಳೆದೇ ಖಚಿತಪಡಿಸಿಕೊಳ್ಳಬೇಕು. ಇಲ್ಲಿ ಆತುರಪಟ್ಟು ಬಿಟ್ಟ ಗುಳಿಯನ್ನು ಪಾಲಿಷಿನಿಂದ ತೆಗೆಯುತ್ತೇನೆಂದು ಹೊರಟರೆ, ಗುಳಿ ಹೋಗುವಷ್ಟರಲ್ಲಿ ಆಕಾರವೂ ಹೋಗಿರುತ್ತದೆ.

ಪಿಚ್ಚನ್ನು ತೆರೆದ ಉರಿಯ ಮೇಲೆ ಕಾಯಿಸಬಾರದು. ಅದರ ಆವಿ ಹೊತ್ತಿಕೊಳ್ಳುತ್ತದೆ. ವಿದ್ಯುತ್ ಒಲೆಯ ಸಣ್ಣ ಶಾಖದಲ್ಲಿ, ಗಾಳಿಯಾಡುವ ಕಡೆ, ಕಲಕುತ್ತಾ ಕರಗಿಸಬೇಕು. ಹದ ನೋಡಲು ತಣಿದ ತುಂಡಿನ ಮೇಲೆ ಹೆಬ್ಬೆರಳಿನ ಉಗುರನ್ನು ಸಾಧಾರಣ ಬಲದಿಂದ ಹತ್ತು ಸೆಕೆಂಡು ಒತ್ತಬೇಕು. ಸ್ಪಷ್ಟವಾದ ಗುರುತು ಬಿದ್ದರೆ ಸರಿ, ಬೀಳದಿದ್ದರೆ ಗಟ್ಟಿ, ಉಗುರು ಮುಳುಗಿದರೆ ಮೆತ್ತಗೆ. ಕೆಲವೇ ಡಿಗ್ರಿಯ ವ್ಯತ್ಯಾಸಕ್ಕೆ ಪಿಚ್ಚಿನ ಹದ ಬಹಳ ಬದಲಾಗುತ್ತದೆ. ಹೊಸೂರಿನ ಜನವರಿಯ ಬೆಳಗಿಗೆ ಹೊಂದಿದ ಪಿಚ್ಚು ಏಪ್ರಿಲಿನ ಮಧ್ಯಾಹ್ನಕ್ಕೆ ಹೊಂದುವುದಿಲ್ಲ. ಗಟ್ಟಿಯಾದರೆ ತೊಟ್ಟು ತೊಟ್ಟು ಟರ್ಪೆಂಟೈನ್, ಮೆತ್ತಗಾದರೆ ಸ್ವಲ್ಪ ರಾಳ ಬೆರೆಸಿ, ಕೆಲಸ ನಡೆಯುವ ಹೊತ್ತಿನ ಶಾಖದಲ್ಲಿಯೇ ಮತ್ತೆ ಪರೀಕ್ಷಿಸಬೇಕು.

ಕರಗಿದ ಪಿಚ್ಚನ್ನು ಉಪಕರಣದ ಮೇಲೆ 5-6 ಮಿಲಿಮೀಟರ್ ದಪ್ಪಕ್ಕೆ ಸುರಿದು, ಅದು ಇನ್ನೂ ಮೆತ್ತಗಿರುವಾಗ ಸೀರಿಯಂ ಆಕ್ಸೈಡ್ ಎಂಬ ಪಾಲಿಷಿನ ಪುಡಿ ಕಲಸಿದ ನೀರು ಬಳಿದ ಬೆಚ್ಚನೆಯ ಗಾಜನ್ನು ಒತ್ತಿ ವಕ್ರತೆ ತರಿಸಬೇಕು. ಬಳಿಕ ಚೌಕ ಚೌಕವಾಗಿ ಕಾಲುವೆ ಕತ್ತರಿಸಬೇಕು. ಉಪಕರಣದ ನಡುಬಿಂದು ಚೌಕದ ಸರಿ ನಡುವಿಗಾಗಲಿ ಕಾಲುವೆ ಕೂಡುವ ಜಾಗಕ್ಕಾಗಲಿ ಬರದಂತೆ ಸ್ವಲ್ಪ ಪಕ್ಕಕ್ಕೆ ಸರಿಸಿ ಕತ್ತರಿಸಿದರೆ ಗಾಜಿನ ಮೇಲೆ ಬಳೆಬಳೆಯಾದ ಏರಿಳಿತಗಳು ಮೂಡುವುದಿಲ್ಲ. ಸೀರಿಯಂ ಆಕ್ಸೈಡನ್ನು ನೀರುಮಜ್ಜಿಗೆಯಷ್ಟು ತೆಳುವಾಗಿ ಕಲಸಿಕೊಳ್ಳಬೇಕು. ಪ್ರತಿ ಸಲ ಕೆಲಸ ಆರಂಭಿಸುವ ಮೊದಲು ಗಾಜನ್ನೂ ಪಿಚ್ಚನ್ನೂ ಒಂದರ ಮೇಲೊಂದಿಟ್ಟು ತುಸು ಭಾರ ಹೇರಿ, ಎರಡೂ ಹೊಂದಿಕೊಳ್ಳುವವರೆಗೆ ಬಿಡಬೇಕು. ಹೊಂದದ ಪಿಚ್ಚಿನಲ್ಲಿ ಉಜ್ಜಿದ ಪ್ರತಿ ನಿಮಿಷವೂ ಆಕಾರಕ್ಕೆ ಹಾನಿ.

ಎಷ್ಟು ಸವೆಯುತ್ತದೆಂಬುದಕ್ಕೆ 1927ರಲ್ಲಿ ಪ್ರೆಸ್ಟನ್ ಹೇಳಿದ ನಿಯಮವೇ ಇಂದಿಗೂ ಆಧಾರ: ಸವೆತವು ಒತ್ತಡಕ್ಕೂ ವೇಗಕ್ಕೂ ಅನುಪಾತದಲ್ಲಿರುತ್ತದೆ. ಗಾಜು ಮೇಲಿದ್ದು ಅದರ ಅಂಚು ಉಪಕರಣದ ಹೊರಗೆ ಚಾಚಿದಾಗ ಒತ್ತಡ ಗಾಜಿನ ನಡುವಿಗೆ ಸರಿಯುವುದರಿಂದ ನಡುವು ತಗ್ಗಾಗುತ್ತದೆ. ಗಾಜು ಕೆಳಗಿದ್ದು ಉಪಕರಣ ಮೇಲಿದ್ದರೆ ಅಂಚು ಹೆಚ್ಚು ಸವೆಯುತ್ತದೆ. ಒಂದೊಂದು ಎಳೆತದ ಉದ್ದ ಗಾಜಿನ ವ್ಯಾಸದ ಮೂರನೆಯ ಒಂದು ಪಾಲಿನಷ್ಟಿದ್ದು, ಗಾಜನ್ನೂ ಉಪಕರಣವನ್ನೂ ಆಗಾಗ ತಿರುಗಿಸುತ್ತಿದ್ದರೆ ಗೋಳಾಕಾರ ತಾನಾಗಿಯೇ ಉಳಿಯುತ್ತದೆ. ಎಲ್ಲ ಗುಳಿಯೂ ಹೋಗಿದೆಯೇ ಎಂದು ನೋಡಲು ಕತ್ತಲಲ್ಲಿ ಲೇಸರ್ ಪಾಯಿಂಟರಿನ ಬೆಳಕನ್ನು ಮೇಲ್ಮೈಯ ಮೇಲೆ ಹಾಯಿಸಿ, ಪಕ್ಕದಿಂದ ನೋಡಬೇಕು. ಕಿರಣವನ್ನಾಗಲಿ ಅದರ ಪ್ರತಿಫಲನವನ್ನಾಗಲಿ ಕಣ್ಣಿಗೆ ಬೀಳಗೊಡಬಾರದು. ಬೆಳಕು ಬಿದ್ದ ಜಾಗ ಚುಕ್ಕೆಯಾಗಿ ಹೊಳೆದರೆ ಅಲ್ಲಿನ್ನೂ ಗುಳಿಗಳಿವೆ. ಸಾಮಾನ್ಯವಾಗಿ ಅಂಚಿನ ಪಟ್ಟಿ ಕೊನೆಗೆ ತಿಳಿಯಾಗುತ್ತದೆ.

ನಮ್ಮ ನೆರೆಯಲ್ಲೇ ಇದರ ದೊಡ್ಡ ಸಾಧನೆಯೊಂದಿದೆ. ಜವಾದಿ ಬೆಟ್ಟದ ಕಾವಲೂರಿನಲ್ಲಿ 1986ರಲ್ಲಿ ಉದ್ಘಾಟನೆಯಾದ ವೈನು ಬಾಪು ದೂರದರ್ಶಕದ 2.34 ಮೀಟರ್ ವ್ಯಾಸದ ಕನ್ನಡಿಯನ್ನು ತೇದು ಪಾಲಿಷ್ ಮಾಡಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ. ಈ ಕೆಲಸ ಕಲಿಯುವವರು ಒಮ್ಮೆಯಾದರೂ ಅಲ್ಲಿಗೆ ಹೋಗಿ ಆ ಕನ್ನಡಿಯನ್ನು ಹೊತ್ತ ದೂರದರ್ಶಕವನ್ನು ಕಂಡು ಬರುವುದು ಒಳ್ಳೆಯದು.

ಅಳೆಯುವುದು

ಗಾಜಿಗೆ ಅತ್ಯಂತ ಸರಳವಾದ ಪರೀಕ್ಷೆ ಟೆಸ್ಟ್ ಪ್ಲೇಟು, ಅಂದರೆ ಬೇಕಾದ ವಕ್ರತೆಗೆ ನಿಖರವಾಗಿ ಹೊಂದುವ ಮಾದರಿ ಗಾಜು. ಎರಡೂ ಮೇಲ್ಮೈಗಳನ್ನು ದೂಳಿಲ್ಲದಂತೆ ಶುಚಿಗೊಳಿಸಿ, ಒಂದರ ಮೇಲೊಂದಿಟ್ಟು, ಪಾದರಸ ದೀಪದ 546 ನ್ಯಾನೋಮೀಟರಿನ ಹಸಿರು ಬೆಳಕಿನಲ್ಲಿ ನೋಡಿದರೆ ನ್ಯೂಟನ್ ಉಂಗುರಗಳು ಕಾಣುತ್ತವೆ. ಒಂದು ಉಂಗುರದಿಂದ ಮುಂದಿನದಕ್ಕೆ 273 ನ್ಯಾನೋಮೀಟರಿನ ವ್ಯತ್ಯಾಸ. ಉಂಗುರಗಳ ಸಂಖ್ಯೆ ವಕ್ರತೆಯ ತಪ್ಪನ್ನು ಹೇಳಿದರೆ, ಅವು ದುಂಡಗಿಲ್ಲದೆ ಸೊಟ್ಟಗಿರುವುದು ಆಕಾರದ ಅಸಮತೆಯನ್ನು ಹೇಳುತ್ತದೆ. ಪ್ಲೇಟನ್ನು ಮೇಲ್ಮೈಯ ಮೇಲೆ ಎಳೆಯಬಾರದು; ಎತ್ತಿ ಇಟ್ಟು, ಎತ್ತಿ ತೆಗೆಯಬೇಕು. ತಗ್ಗು ಕನ್ನಡಿಗೆ 1858ರಲ್ಲಿ ಫೂಕೋ ರೂಪಿಸಿದ ಬ್ಲೇಡಿನ ಅಂಚಿನ ಪರೀಕ್ಷೆ ಮನೆಯಲ್ಲಿಯೇ ಮಾಡಬಹುದಾದಷ್ಟು ಸುಲಭ, ಆದರೂ ತರಂಗಾಂತರದ ಸಣ್ಣ ಪಾಲನ್ನು ತೋರಿಸುವಷ್ಟು ಸೂಕ್ಷ್ಮ. ಉಕ್ಕಿನ ಇನ್ಸರ್ಟಿಗೆ, ಸೂಜಿಯನ್ನು ಮೇಲ್ಮೈಯ ಮೇಲೆ ಹಾಯಿಸಿ ಏರಿಳಿತವನ್ನು ಅಳೆಯುವ ಪ್ರೊಫೈಲೋಮೀಟರ್ ಬೇಕು. ಅದರ ಸೂಜಿ ಮೆತ್ತನೆಯ ಲೇಪದ ಮೇಲೆ ಗೀರು ಬಿಡಬಹುದಾದ್ದರಿಂದ ನಿಕ್ಕಲ್ ಲೇಪಕ್ಕೆ ಬೆಳಕಿನಿಂದ ಅಳೆಯುವ ಯಂತ್ರವನ್ನೇ ಕೇಳಿ ಮಾಡಿಸಬೇಕು.

ಒಂದೇ ವಿಧಾನವನ್ನು ನಂಬಬಾರದೆಂಬುದಕ್ಕೆ 1990ರಲ್ಲಿ ಹಾರಿಸಿದ ಹಬಲ್ ದೂರದರ್ಶಕದ ಕಥೆಯನ್ನು ಪ್ರತಿ ಪಾಲಿಷರೂ ತಿಳಿದಿರಬೇಕು. ಅದರ 2.4 ಮೀಟರ್ ಕನ್ನಡಿಯ ನಯದಲ್ಲಿ ಕೊರತೆಯಿರಲಿಲ್ಲ. ಆಕಾರವನ್ನು ಪರೀಕ್ಷಿಸುವ ಸಾಧನದೊಳಗಿನ ಒಂದು ಲೆನ್ಸು 1.3 ಮಿಲಿಮೀಟರ್ ತಪ್ಪಾಗಿ ಕೂತಿದ್ದರಿಂದ, ಆ ಸಾಧನ ತೋರಿಸಿದ ತಪ್ಪು ಆಕಾರಕ್ಕೇ ಕನ್ನಡಿಯನ್ನು ಅತ್ಯಂತ ನಿಷ್ಠೆಯಿಂದ ಪಾಲಿಷ್ ಮಾಡಲಾಯಿತು. ಅಂಚು ಸುಮಾರು 2.2 ಮೈಕ್ರಾನಿನಷ್ಟು ಹೆಚ್ಚು ಚಪ್ಪಟೆಯಾಯಿತು. ಬೇರೆ ಎರಡು ಪರೀಕ್ಷೆಗಳು ದೋಷದ ಸೂಚನೆ ಕೊಟ್ಟಿದ್ದವು. ಅವು ಅಷ್ಟು ನಿಖರವಲ್ಲವೆಂದು ಅವನ್ನು ಬದಿಗಿಡಲಾಯಿತು. 1993ರಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸುವ ಉಪಕರಣಗಳನ್ನು ಜೋಡಿಸಬೇಕಾಯಿತು. ಟೂಲ್‌ರೂಮಿನಲ್ಲಿಯೂ ಎರಡು ಅಳತೆಗಳು ಒಂದಕ್ಕೊಂದು ಹೊಂದದಿದ್ದಾಗ, ಹಿಡಿಸಿದ ಅಳತೆಯನ್ನು ಇಟ್ಟುಕೊಂಡು ಇನ್ನೊಂದನ್ನು ತಳ್ಳಿಹಾಕದೆ, ಕಾರಣ ಸಿಗುವವರೆಗೆ ಕೆಲಸವನ್ನು ನಿಲ್ಲಿಸಬೇಕು.

ಕೈಗೆ ನಿಲುಕದ ನಿಖರತೆಗೆ ಯಂತ್ರಗಳಿವೆ. ಕಾಂತಕ್ಷೇತ್ರದಲ್ಲಿ ಗಟ್ಟಿಯಾಗುವ ದ್ರವದಿಂದ ಸವೆಸುವ ಎಂಆರ್‌ಎಫ್, ಆರ್ಗಾನ್ ಅಯಾನುಗಳಿಂದ ಪರಮಾಣುಗಳನ್ನೇ ಸಿಡಿಸಿ ತೆಗೆಯುವ ಅಯಾನು ಕಿರಣದ ವಿಧಾನ ಇವುಗಳಲ್ಲಿ ಮುಖ್ಯ. ಇವೆರಡೂ ಮೊದಲು ಮೇಲ್ಮೈಯ ನಕ್ಷೆಯನ್ನು ಅಳೆದುಕೊಂಡು, ಎಲ್ಲಿ ಉಬ್ಬಿದೆಯೋ ಅಲ್ಲಿ ಹೆಚ್ಚು ಹೊತ್ತು ನಿಂತು ಸವೆಸುತ್ತವೆ.

ಕೆಲಸ ಮುಗಿದ ಇನ್ಸರ್ಟನ್ನು ಬರಿಗೈಯಿಂದ ಮುಟ್ಟಬಾರದು. 420 ಉಕ್ಕು ಸ್ಟೇನ್‌ಲೆಸ್ ಆದರೂ ಬೆವರಿನ ಉಪ್ಪಿಗೆ ಕಲೆ ಹಿಡಿಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಲೆನ್ಸ್ ಟಿಶ್ಯೂವನ್ನು ಒತ್ತದೆ ಒಂದೇ ದಿಕ್ಕಿಗೆ ಎಳೆದು, ಒಮ್ಮೆ ಎಳೆದದ್ದನ್ನು ಎಸೆದು, ಶುಚಿ ಮಾಡಬೇಕು. ಪಾಲಿಷ್ ಆದ ಮುಖಕ್ಕೆ ಏನೂ ತಾಗದಂತೆ ಡಬ್ಬಿಯಲ್ಲಿಟ್ಟು, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಬೇಕು. ಡಬ್ಬಿಯೊಳಗೆ ಒಂದು ಚೀಟಿಯಿರಲಿ: ಉಕ್ಕಿನ ಜಾತಿ, ಗಡಸುತನ, ಟೆಂಪರ್ ಮಾಡಿದ ಶಾಖ, ಬಳಸಿದ ಕೊನೆಯ ಕಣಗಾತ್ರ, ಅಳೆದ ಒರಟುತನ, ಆಕಾರದ ಅಳತೆ, ಅಳೆಯುವಾಗಿನ ಕೋಣೆಯ ಶಾಖ. ಆ ಇನ್ಸರ್ಟು ಮುಂದೆ ದುರಸ್ತಿಗೆ ಬಂದಾಗ ಎಷ್ಟು ಹಂತ ಹಿಂದಕ್ಕೆ ಹೋಗಬೇಕೆಂಬುದನ್ನು, ಅದನ್ನು ಹಿಡಿಯುವ ಕೈ ಬೇರೆಯವರದ್ದಾದರೂ, ಆ ಚೀಟಿಯಿಂದಲೇ ತಿಳಿಯಬಹುದು.